ಗಾಜಿನ ಮನೆಯ ದ್ರಾಕ್ಷಿ: ಎಲ್ಲಿ ಕತ್ತರಿಸಬೇಕು, ಎಷ್ಟು ಕತ್ತರಿಸಬೇಕು

ದ್ರಾಕ್ಷಿ ಬಳ್ಳಿಗೆ ಕತ್ತರಿ ಹಾಕುವಾಗ ಮೊದಲ ಸಲ ಎಲ್ಲರ ಕೈಯೂ ಹಿಂಜರಿಯುತ್ತದೆ. ವರ್ಷವಿಡೀ ಬೆಳೆದು ಮಾಡು ಮುಟ್ಟಿದ ಬಳ್ಳಿ. ಆ ವರ್ಷದ ಬೆಳವಣಿಗೆಯಲ್ಲಿ ಹತ್ತಕ್ಕೆ ಎಂಟೊಂಬತ್ತು ಪಾಲು ಕತ್ತರಿಸಿ ಬಿಸಾಕಿ ಅಂದರೆ ಯಾರಿಗೆ ಮನಸ್ಸು ಬರುತ್ತದೆ? ನನಗೂ ಬರಲಿಲ್ಲ. ಮೊದಲ ಎರಡು ಚಳಿಗಾಲ ತುದಿಗಳನ್ನಷ್ಟೇ ಸವರಿ ಬಿಟ್ಟೆ. ಎರಡನೇ ಬೇಸಿಗೆಗೆ ಗಾಜಿನ ಮನೆ ಹಗಲಲ್ಲೇ ಕತ್ತಲಾಯಿತು. ಗೊಂಚಲುಗಳೇನೋ ಲೆಕ್ಕವಿಲ್ಲದಷ್ಟು ಬಂದವು. ಆದರೆ ಕಾಳು ಬಟಾಣಿ ಗಾತ್ರ ದಾಟಲಿಲ್ಲ. ಅರ್ಧಕ್ಕೆ ಬೂದಿ ರೋಗ ಹಿಡಿಯಿತು, ಇನ್ನರ್ಧ ಬಾಯಿಗಿಟ್ಟರೆ ಬರೀ ಹುಳಿ.

ತಪ್ಪು ಬಳ್ಳಿಯದಲ್ಲ. ದ್ರಾಕ್ಷಿ ಕಾಡಿನಲ್ಲಿ ಮರ ಹತ್ತಿ ಬೆಳಕು ಹುಡುಕುವ ಜಾತಿ. ಅದಕ್ಕೆ ಯಾವಾಗಲೂ ತುದಿಯ ಮೇಲೇ ಕಣ್ಣು. ಸುಮ್ನೆ ಬಿಟ್ಟರೆ ಹಣ್ಣು ವರ್ಷದಿಂದ ವರ್ಷಕ್ಕೆ ಕಾಂಡದಿಂದ ದೂರ ಸರಿಯುತ್ತಾ ಹೋಗುತ್ತದೆ. ಚಾಟ್ನಿ (ಬಳ್ಳಿಯನ್ನು ಕತ್ತರಿಸಿ ಸವರುವ ಕೆಲಸ) ಅಂದರೆ ಈ ಓಟವನ್ನು ಪ್ರತಿ ವರ್ಷ ಹಿಂದಕ್ಕೆ ಎಳೆದು ಕಾಂಡದ ಪಕ್ಕದಲ್ಲೇ ಕೂರಿಸುವುದು. ಚಳಿಗಾಲದ ಕತ್ತರಿ ಅದರ ಒಂದು ಭಾಗ ಮಾತ್ರ. ಬೇಸಿಗೆಯಲ್ಲಿ ಬೆರಳಿನಿಂದ ಮಾಡುವ ಕೆಲಸ ಇನ್ನೊಂದು ಭಾಗ. ಹೆಚ್ಚಿನವರು ಕೈಬಿಡುವುದು ಅದನ್ನೇ.

ಇಲ್ಲಿ ಹೇಳುತ್ತಿರುವುದು ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುವ ಬಳ್ಳಿಯ ವಿಷಯ, ಅಂದರೆ ತಂಪು ಹವೆಯ ಗಾಜಿನ ಮನೆ. ಬಿಸಿ ಪ್ರದೇಶದ ಬಯಲು ತೋಟಗಳಲ್ಲಿ ಬಳ್ಳಿ ಹೀಗೆ ಪೂರ್ತಿ ಮಲಗುವುದಿಲ್ಲ. ಅಲ್ಲಿ ವರ್ಷಕ್ಕೆ ಎರಡು ಚಾಟ್ನಿ ಮಾಡುತ್ತಾರೆ, ಅದರ ಲೆಕ್ಕವೇ ಬೇರೆ.

ಹಣ್ಣು ಎಲ್ಲಿ ಬಿಡುತ್ತದೆ

ಇದೊಂದು ತಲೆಗೆ ಹೋದರೆ ಉಳಿದದ್ದೆಲ್ಲ ಸಲೀಸು. ಗೊಂಚಲು ಬರುವುದು ಈ ವರ್ಷ ಚಿಗುರಿದ ಹಸಿರು ಕುಡಿಯಲ್ಲಿ. ಆ ಕುಡಿ ಹೊರಡಬೇಕಾದದ್ದು ಹೋದ ವರ್ಷ ಬೆಳೆದು ಬಲಿತ ಕಂದು ಕಡ್ಡಿಯ ಕಣ್ಣಿನಿಂದ, ಅಂದರೆ ಚಿಗುರೊಡೆಯುವ ಮೊಗ್ಗಿನಿಂದ. ಅದಕ್ಕಿಂತ ಹಳೆಯ ದಪ್ಪ ಕಾಂಡದಿಂದ ನೇರವಾಗಿ ಒಡೆಯುವ ಚಿಗುರಿನಲ್ಲಿ ಸಾಮಾನ್ಯವಾಗಿ ಎಲೆ ಬಿಟ್ಟರೆ ಏನೂ ಇರುವುದಿಲ್ಲ. ಆದ್ದರಿಂದ ಹೋದ ವರ್ಷದ ಕಡ್ಡಿಯನ್ನು ಪೂರ್ತಿ ತೆಗೆದರೆ ಹಣ್ಣಿಲ್ಲ. ಪೂರ್ತಿ ಉಳಿಸಿದರೆ ಕಾಡು. ಬುಡದ ಎರಡು ಕಣ್ಣು ಮಾತ್ರ ಉಳಿಸಿದರೆ ಸರಿಯಾಯಿತು.

ಇನ್ನೊಂದು ವಿಷಯವಿದೆ. ಮುಂದಿನ ವರ್ಷದ ಗೊಂಚಲು ಈ ಬೇಸಿಗೆಯಲ್ಲೇ ಕಣ್ಣಿನೊಳಗೆ ರೂಪುಗೊಳ್ಳಲು ಶುರುವಾಗುತ್ತದೆ. ಆಗ ಕಣ್ಣಿಗೆ ಬೆಳಕು ಬೀಳಬೇಕು. ಎಲೆಗಳ ಕತ್ತಲಲ್ಲಿ ಬೆಳೆದ ಕಡ್ಡಿಯನ್ನು ಚಳಿಗಾಲದಲ್ಲಿ ಎಷ್ಟೇ ಚಂದವಾಗಿ ಸವರಿದರೂ ಅದರ ಕಣ್ಣಿನಲ್ಲಿ ಇಲ್ಲದ ಗೊಂಚಲು ಹೊರಗೆ ಬರುವುದಿಲ್ಲ.

ಗಾಜಿನ ಮನೆಗೆ ಹೊಂದುವ ಸರಳ ಕ್ರಮ ಎಂದರೆ ಒಂದೇ ತಾಯಿ ಕಾಂಡ, ಅದರ ಎರಡೂ ಬದಿಗೆ ಸುಮಾರು ಒಂದು ಗೇಣಿಗೊಂದು ಗಿಣ್ಣು, ಅಂದರೆ ಕಡ್ಡಿ ಹೊರಡುವ ಮೊಂಡು ಗಂಟು. ಪ್ರತಿ ವರ್ಷ ಪ್ರತಿ ಗಿಣ್ಣಿನಿಂದ ಒಂದು ಪಕ್ಕದ ಕಡ್ಡಿ. ಅದರಲ್ಲಿ ಒಂದು ಗೊಂಚಲು. ತಾಯಿ ಕಾಂಡ ಮಾತ್ರ ಶಾಶ್ವತ, ಉಳಿದದ್ದೆಲ್ಲ ವರ್ಷಕ್ಕೊಮ್ಮೆ ಹೋಗಿ ಬರುವಂಥದ್ದು. ಕಾಂಡವನ್ನೂ ಕಡ್ಡಿಗಳನ್ನೂ ಕಟ್ಟಲು ಗಾಜಿನಿಂದ ಒಂದು ಗೇಣಾದರೂ ದೂರದಲ್ಲಿ, 25–30 ಸೆಂ.ಮೀ.ಗೊಂದು ಅಡ್ಡ ತಂತಿ ಎಳೆದಿರಬೇಕು. ಎಲೆ ಗಾಜಿಗೆ ಅಂಟಿಕೊಂಡರೆ ಬಿಸಿಲಿಗೆ ಸುಡುತ್ತದೆ.

ಇಷ್ಟು ಕತ್ತರಿಸಿದರೆ ಬಳ್ಳಿಯ ಆಯಸ್ಸು ಕಡಿಮೆಯಾಗುತ್ತದೆ ಅನ್ನುವ ಭಯ ಬೇಡ. ಲಂಡನ್ ಬಳಿಯ ಹ್ಯಾಂಪ್ಟನ್ ಕೋರ್ಟ್ ಅರಮನೆಯ ಗಾಜಿನ ಮನೆಯಲ್ಲಿ 1768ರಲ್ಲಿ ನೆಟ್ಟ ಬ್ಲ್ಯಾಕ್ ಹ್ಯಾಂಬರ್ಗ್ ಬಳ್ಳಿ ಇಂದಿಗೂ ಹಣ್ಣು ಕೊಡುತ್ತಿದೆ. ಅದಕ್ಕೂ ಪ್ರತಿ ವರ್ಷ ಕತ್ತರಿ ಬೀಳುತ್ತದೆ.

ಕಾಲ ನೋಡಿ ಕತ್ತರಿ ಹಿಡಿಯಿರಿ

ಎಲೆ ಪೂರ್ತಿ ಉದುರಿದ ಮೇಲೆ, ಹಗಲು ಅತ್ಯಂತ ಚಿಕ್ಕದಾಗಿರುವ ದಿನಗಳಲ್ಲಿ ಮುಗಿಸಿಬಿಡಿ. ಉತ್ತರ ಗೋಳದಲ್ಲಿ ಅದು ಡಿಸೆಂಬರ್, ತಡವಾದರೆ ಜನವರಿಯ ಮೊದಲ ವಾರ. ದಕ್ಷಿಣ ಗೋಳದಲ್ಲಿ ಜೂನ್ ಕೊನೆ, ಜುಲೈ ಶುರು. ಗಾಜಿನ ಮನೆ ಹೊರಗಿನ ತೋಟಕ್ಕಿಂತ ಬೇಗ ಬಿಸಿಯಾಗುತ್ತದೆ. ಹಾಗಾಗಿ ಹೊರಗಿನ ಬಳ್ಳಿ ಇನ್ನೂ ನಿದ್ದೆಯಲ್ಲಿದ್ದಾಗಲೇ ಒಳಗಿನ ಬಳ್ಳಿಯ ಬೇರು ಎಚ್ಚರವಾಗಿ ರಸ ಮೇಲಕ್ಕೆ ತಳ್ಳಲು ಶುರು ಮಾಡಿರುತ್ತದೆ. ಆ ಹೊತ್ತಿಗೆ ಕತ್ತರಿಸಿದರೆ ಗಾಯದಿಂದ ನೀರು ತೊಟ್ಟಿಕ್ಕುತ್ತದೆ.

ಒಂದು ವರ್ಷ ನಾನು ಫೆಬ್ರವರಿ ಕೊನೆಯ ತನಕ ತಳ್ಳಿಕೊಂಡು ಹೋಗಿ ಕತ್ತರಿಸಿದೆ. ಮರುದಿನ ನೋಡಿದರೆ ಪ್ರತಿ ಗಾಯದ ತುದಿಯಲ್ಲೂ ಒಂದೊಂದು ಹನಿ, ಕೆಳಗೆ ನೆಲದಲ್ಲಿ ಸಾಲಾಗಿ ಒದ್ದೆ ಮಚ್ಚೆಗಳು. ಮೇಣ ಹಚ್ಚಿದೆ, ಬಟ್ಟೆ ಸುತ್ತಿದೆ. ಯಾವುದೂ ನಿಲ್ಲಿಸಲಿಲ್ಲ. ಎಲೆ ಬಿಚ್ಚಿಕೊಂಡ ಮೇಲೆ ಅದಾಗಿಯೇ ನಿಂತಿತು. ಬಳ್ಳಿ ಸಾಯಲಿಲ್ಲ. ಆದರೆ ನೋಡಿಕೊಂಡು ಇರುವುದು ಕಷ್ಟ. ನಿಮಗೂ ಹೀಗಾದರೆ ಏನೇನೋ ಹಚ್ಚಲು ಹೋಗಬೇಡಿ, ಕಾಯಿರಿ. ಇನ್ನಷ್ಟು ಕತ್ತರಿಸುವುದನ್ನು ಮಾತ್ರ ಅಲ್ಲಿಗೇ ನಿಲ್ಲಿಸಿ.

ಹೊಸ ಬಳ್ಳಿಯಾದರೆ ಮೊದಲ ಮೂರು ವರ್ಷ

ಮೊದಲ ಬೇಸಿಗೆಯಲ್ಲಿ ಒಂದೇ ಗಟ್ಟಿ ಕುಡಿಯನ್ನು ಮೇಲಕ್ಕೆ ಬಿಡಿ. ಅದೇ ಮುಂದೆ ತಾಯಿ ಕಾಂಡ. ಪಕ್ಕದಿಂದ ಹೊರಟದ್ದನ್ನು ಐದಾರು ಎಲೆಗೆ ಚಿವುಟಿ. ಪೂರ್ತಿ ಕೀಳಬೇಡಿ, ಆ ಎಲೆಗಳಿಂದಲೇ ಕಾಂಡ ದಪ್ಪವಾಗುವುದು. ಚಳಿಗಾಲ ಬಂದಾಗ ಕಾಂಡದ ಹೊಸ ಬೆಳವಣಿಗೆಯಲ್ಲಿ ಮೂರನೇ ಎರಡು ಭಾಗ ತೆಗೆಯಿರಿ. ಪಕ್ಕದವುಗಳನ್ನು ಎರಡು ಕಣ್ಣಿಗೆ ತನ್ನಿ.

ಎರಡನೇ ವರ್ಷ ತುದಿಯ ಕಣ್ಣಿನಿಂದ ಕಾಂಡ ಮತ್ತೆ ಮುಂದುವರಿಯುತ್ತದೆ. ಹೂಗೊಂಚಲು ಕಂಡರೆ ಚಿವುಟಿ ಹಾಕಿ. ಆಸೆ ಆಗುತ್ತದೆ, ಗೊತ್ತು. ಆದರೆ ಆ ವಯಸ್ಸಿನ ಬೇರಿಗೆ ಹಣ್ಣಿನ ಹೊರೆ ಹೊರಿಸಬಾರದು. ಚಳಿಗಾಲದಲ್ಲಿ ಹೊಸ ಕಾಂಡವನ್ನು ಅರ್ಧಕ್ಕೆ ಇಳಿಸಿ. ಕಂದು ಬಣ್ಣಕ್ಕೆ ತಿರುಗಿ ಬಲಿತ ಭಾಗದಲ್ಲೇ ಕತ್ತರಿ ಬೀಳಬೇಕು. ತುದಿಯ ಹಸಿರು, ಮೆತ್ತಗಿನ ಭಾಗ ಹೇಗೂ ಚಳಿಗೆ ಒಣಗುವಂಥದ್ದು.

ಮೂರನೇ ವರ್ಷ ಎರಡು ಮೂರು ಗೊಂಚಲು ರುಚಿ ನೋಡಲು ಸಾಕು. ನಾಲ್ಕನೇ ವರ್ಷ ಐದು. ಅಲ್ಲಿಂದ ಮುಂದೆ ಬಳ್ಳಿಯ ಶಕ್ತಿ ನೋಡಿಕೊಂಡು ಜಾಸ್ತಿ ಮಾಡಿ. ಕಾಂಡ ಬೇಕಾದಷ್ಟು ಉದ್ದವಾದ ಮೇಲೆ ಪ್ರತಿ ಚಳಿಗಾಲ ತುದಿಯನ್ನೂ ಎರಡು ಕಣ್ಣಿಗೆ ಕತ್ತರಿಸುತ್ತಾ ಬನ್ನಿ.

ಬೆಳೆದ ಬಳ್ಳಿಯ ಚಳಿಗಾಲದ ಚಾಟ್ನಿ

ಹರಿತವಾದ ಸಿಕೇಟರ್ (ಗಿಡ ಸವರುವ ಕೈಗತ್ತರಿ), ಹಳೆಯ ಗಿಣ್ಣುಗಳಿಗೆ ಒಂದು ಸಣ್ಣ ಗರಗಸ, ಅಲಗು ಒರೆಸಲು ಸ್ಪಿರಿಟ್. ಸಾಮಾನು ಇಷ್ಟೇ.

ಮೊದಲು ಕಟ್ಟುಗಳನ್ನೆಲ್ಲ ಬಿಚ್ಚಿ. ಹೋದ ವರ್ಷದ ದಾರ ಕಾಂಡದೊಳಗೆ ಹೂತುಕೊಂಡಿದೆಯೇ ನೋಡಿ. ಆಮೇಲೆ ಬುಡದಿಂದ ಶುರು ಮಾಡಿ ಮೇಲಕ್ಕೆ ಹೋಗಿ. ಒಂದು ಗಿಣ್ಣಿನ ಮುಂದೆ ನಿಂತು ನೋಡಿದರೆ ಹೋದ ಬೇಸಿಗೆಯ ಕಡ್ಡಿ ಒಂದು ಕಾಣುತ್ತದೆ, ನಯವಾದ ಕಂದು ತೊಗಟೆ, ಪೆನ್ಸಿಲ್‌ ದಪ್ಪ. ಅದರ ಬುಡಕ್ಕೆ ಬೆರಳಿಟ್ಟು ಹೊರಗೆ ಸರಿಯಿರಿ. ಬುಡಕ್ಕೇ ಅಂಟಿಕೊಂಡು ಮೊಟಕಾದ ಉಬ್ಬುಗಳಿರುತ್ತವೆ, ಅವನ್ನು ಎಣಿಸಬೇಡಿ. ಸ್ಪಷ್ಟವಾಗಿ ಉಬ್ಬಿದ ಮೊದಲ ಕಣ್ಣು, ಅದರ ಎದುರು ಬದಿಗೆ ಎರಡನೆಯದು. ಎರಡನೆಯದನ್ನು ದಾಟಿ ಒಂದು ಒಂದೂವರೆ ಸೆಂ.ಮೀ. ಮುಂದೆ ಕತ್ತರಿಸಿ. ಕಣ್ಣಿಗೆ ತಾಗಿಸಿ ಕತ್ತರಿಸಿದರೆ ತುದಿ ಒಣಗುತ್ತಾ ಬಂದು ಕಣ್ಣನ್ನೂ ಒಣಗಿಸುತ್ತದೆ. ಗಾಯ ಸ್ವಲ್ಪ ಓರೆಯಾಗಿ, ಕಣ್ಣಿನ ವಿರುದ್ಧ ದಿಕ್ಕಿಗೆ ಇಳಿಜಾರಾಗಿರಲಿ.

ಗಿಣ್ಣಿನಲ್ಲಿ ಎರಡು ಕಡ್ಡಿಗಳಿದ್ದರೆ ಕಾಂಡಕ್ಕೆ ಹತ್ತಿರದ್ದು ಉಳಿಯಲಿ, ದೂರದ್ದನ್ನು ಬುಡಸಮೇತ ತೆಗೆಯಿರಿ. ದೂರದ ಕಡ್ಡಿ ದಪ್ಪವಾಗಿ ಚಂದ ಕಾಣುತ್ತದೆ, ಹತ್ತಿರದ್ದು ಬಡಕಲಾಗಿರುತ್ತದೆ. ಆದರೂ ಹತ್ತಿರದ್ದೇ. ಇಲ್ಲದಿದ್ದರೆ ಗಿಣ್ಣು ಪ್ರತಿ ವರ್ಷ ಎರಡೆರಡು ಬೆರಳು ಹೊರಗೆ ಚಾಚಿ, ಕೊನೆಗೆ ಮುದುಕರ ಕೈಯ ಹಾಗೆ ಗಂಟುಗಂಟಾಗುತ್ತದೆ. ಹಾಗೆ ಆಗಿಬಿಟ್ಟಿದ್ದರೆ ವರ್ಷಕ್ಕೆ ಒಂದೆರಡು ಗಿಣ್ಣನ್ನು ಗರಗಸದಿಂದ ಹಿಂದಕ್ಕೆ ಕೊಯ್ಯಿರಿ. ಬುಡದಲ್ಲಿ ಮಲಗಿದ್ದ ಕಣ್ಣು ಏಳುತ್ತದೆ. ಆ ಚಿಗುರಿನಲ್ಲಿ ಮೊದಲ ವರ್ಷ ಹಣ್ಣು ಸಿಗುವುದು ಅಪರೂಪ, ಮರು ವರ್ಷ ಸಿಗುತ್ತದೆ.

ಒಂದು ಎಚ್ಚರಿಕೆ. ಎಲ್ಲ ತಳಿಗೂ ಎರಡು ಕಣ್ಣಿನ ಲೆಕ್ಕ ನಡೆಯುವುದಿಲ್ಲ. ಬ್ಲ್ಯಾಕ್ ಹ್ಯಾಂಬರ್ಗ್‌ನಂಥ ತಳಿಗೆ ಬುಡದ ಕಣ್ಣಿನಲ್ಲೇ ಗೊಂಚಲು ಇರುತ್ತದೆ. ಥಾಮ್ಸನ್ ಸೀಡ್‌ಲೆಸ್‌ನಲ್ಲಿ ಬುಡದ ಕಣ್ಣುಗಳು ಹೆಚ್ಚಾಗಿ ಬರಡು, ಹಣ್ಣು ಮುಂದಿನ ಕಣ್ಣುಗಳಲ್ಲಿ. ಅಂಥ ಬಳ್ಳಿಯಲ್ಲಿ ಕೆಲವು ಕಡ್ಡಿಗಳನ್ನು ಎಂಟು ಹತ್ತು ಕಣ್ಣಿನಷ್ಟು ಉದ್ದ ಬಿಟ್ಟು ತಂತಿಗೆ ಮಲಗಿಸಿ ಕಟ್ಟಬೇಕು. ಅವುಗಳ ಬುಡದಲ್ಲೇ ಎರಡು ಕಣ್ಣಿನ ಇನ್ನೊಂದು ತುಂಡನ್ನು ಮುಂದಿನ ವರ್ಷದ ಕಡ್ಡಿಗಾಗಿ ಉಳಿಸಬೇಕು. ಎಷ್ಟೇ ನಿಯಮದಿಂದ ಕತ್ತರಿಸಿದರೂ ಬಳ್ಳಿ ಎಲೆ ಮಾತ್ರ ಕೊಡುತ್ತಿದ್ದರೆ ಮೊದಲು ತಳಿ ಯಾವುದೆಂದು ವಿಚಾರಿಸಿ.

ಕತ್ತರಿಸಿ ಮುಗಿದ ಮೇಲೆ ಕಾಂಡದ ಮೇಲೆ ಎದ್ದು ನಿಂತ ಒಣ ತೊಗಟೆಯನ್ನು ಕೈಯಿಂದ ಸುಲಿದು ತೆಗೆಯಿರಿ. ತಾನಾಗಿ ಬರುವಷ್ಟು ಮಾತ್ರ. ಕೆಳಗಿನ ಹಸಿ ತೊಗಟೆಗೆ ಉಗುರು ತಾಗಬಾರದು. ಹಿಟ್ಟು ತಿಗಣೆ, ಕೆಂಪು ಜೇಡ ನುಸಿ ಚಳಿಗಾಲ ಕಳೆಯುವುದು ಆ ಸೀಳುಗಳ ಒಳಗೆ. ಸುಲಿದದ್ದನ್ನು, ಬಿದ್ದ ಎಲೆಗಳನ್ನು ಹೊರಗೆ ಸಾಗಿಸಿ.

ಕಾಂಡವನ್ನು ಬಗ್ಗಿಸುವ ಉಪಾಯ

ಚಾಟ್ನಿ ಆದ ತಕ್ಷಣ ಕಾಂಡವನ್ನು ಮತ್ತೆ ನೇರ ಕಟ್ಟಬೇಡಿ. ನೇರ ನಿಂತ ಬಳ್ಳಿಯಲ್ಲಿ ತುದಿಯ ಕಣ್ಣುಗಳು ಮೊದಲು ಒಡೆದು ಕೆಳಗಿನವನ್ನು ಮಲಗಿಸಿಬಿಡುತ್ತವೆ. ಕೆಳಗಿನ ಅರ್ಧ ಬೋಳು, ಮೇಲೆ ಗುಂಪು ಆಗುವುದು ಹೀಗೆ. ಅದಕ್ಕೆ ಕಾಂಡದ ಮೇಲಿನ ಅರ್ಧವನ್ನು ನಿಧಾನಕ್ಕೆ ಬಗ್ಗಿಸಿ, ಅಡ್ಡಲಾಗಿ ಅಥವಾ ತುದಿ ಸ್ವಲ್ಪ ಕೆಳಮುಖವಾಗಿ ಇರುವಂತೆ ದಾರದಲ್ಲಿ ನೇತುಹಾಕಿ. ಕಣ್ಣುಗಳು ಸಮನಾಗಿ ಒಡೆದದ್ದು ಕಂಡ ಮೇಲೆ ಎತ್ತಿ ಕಟ್ಟಿ. ಎತ್ತುವಾಗ ಎಳೆ ಚಿಗುರು ತಂತಿಗೆ ತಾಗಿ ಉದುರದಂತೆ ಜೊತೆಗೊಬ್ಬರು ಇದ್ದರೆ ಒಳ್ಳೆಯದು. ವಯಸ್ಸಾದ ದಪ್ಪ ಕಾಂಡ ಬಗ್ಗದಿದ್ದರೆ ಬಲವಂತ ಬೇಡ.

ವಸಂತದಿಂದ ಕತ್ತರಿಗಿಂತ ಬೆರಳಿಗೆ ಕೆಲಸ

ಪ್ರತಿ ಗಿಣ್ಣಿನಿಂದ ಎರಡು, ಕೆಲವೊಮ್ಮೆ ಮೂರು ಚಿಗುರು ಹೊರಡುತ್ತವೆ. ಎರಡು ಮೂರು ಸೆಂ.ಮೀ. ಆದಾಗ ಗಟ್ಟಿಯಾದದ್ದನ್ನು ಆರಿಸಿ, ಬೆನ್ನಿಗೆ ಒಂದನ್ನು ಉಳಿಸಿ, ಮೂರನೆಯದನ್ನು ಉಜ್ಜಿ ಬೀಳಿಸಿ. ಮೊದಲನೆಯದನ್ನು ತಂತಿಗೆ ಭದ್ರವಾಗಿ ಕಟ್ಟಿ ಆದ ಮೇಲೆಯೇ ಎರಡನೆಯದನ್ನು ತೆಗೆಯಿರಿ. ಯಾಕೆಂದರೆ ದ್ರಾಕ್ಷಿಯ ಎಳೆ ಕುಡಿ ಬುಡದಲ್ಲಿ ಗಾಜಿನಷ್ಟೇ ಪೆಡಸು. ಒಂದೇ ಸಲಕ್ಕೆ ಬಗ್ಗಿಸಿ ತಂತಿಗೆ ತರಲು ಹೋದರೆ ‘ಟಕ್’ ಅಂತ ಬುಡದಿಂದಲೇ ಕಳಚಿ ಕೈಗೆ ಬರುತ್ತದೆ. ಅದರ ಜೊತೆ ಆ ವರ್ಷದ ಗೊಂಚಲೂ ಹೋಯಿತು. ಸಡಿಲವಾಗಿ ಒಂದು ದಾರ ಹಾಕಿ, ಎರಡು ಮೂರು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ಬಿಗಿ ಮಾಡುತ್ತಾ ವಾರ ಹತ್ತು ದಿನದಲ್ಲಿ ತಂತಿಗೆ ತನ್ನಿ. ಕುಡಿ ಸ್ವಲ್ಪ ಬಾಡಿದಂತಿರುವ ಮಧ್ಯಾಹ್ನದ ಹೊತ್ತಿಗಿಂತ ತುಂಬು ನೀರು ಕುಡಿದು ನಿಂತ ಬೆಳಗಿನ ಹೊತ್ತಿನಲ್ಲಿ ಅದು ಇನ್ನೂ ಸುಲಭವಾಗಿ ಮುರಿಯುತ್ತದೆ. ನಾನು ಈ ಕೆಲಸಕ್ಕೆ ಬೆಳಿಗ್ಗೆ ಕೈ ಹಾಕುವುದೇ ಇಲ್ಲ.

ಹೂಗೊಂಚಲು ಕಾಣಿಸಿದ ಮೇಲೆ ಅದರಾಚೆಗೆ ಎರಡು ಎಲೆ ಎಣಿಸಿ ಕುಡಿಯನ್ನು ಚಿವುಟಿ. ಹೂವಿಲ್ಲದ ಕಡ್ಡಿಯನ್ನು ಐದಾರು ಎಲೆಗೆ. ಚಿವುಟಿದ ಕೂಡಲೇ ಎಲೆಗಳ ಕಂಕುಳಿಂದ ಮರಿ ಕುಡಿಗಳು ಹೊರಡುತ್ತವೆ, ಅವಕ್ಕೆ ಒಂದೇ ಎಲೆ ಬಿಟ್ಟು ಚಿವುಟಿ. ಸುರುಳಿ ಸುತ್ತುವ ತಂತುಗಳನ್ನೂ ತೆಗೆಯಿರಿ, ಇಲ್ಲದಿದ್ದರೆ ಅವು ಗೊಂಚಲನ್ನೇ ಸುತ್ತಿಕೊಳ್ಳುತ್ತವೆ. ಇದನ್ನು ವಾರಕ್ಕೊಮ್ಮೆ ಮಾಡಿದರೆ ಹತ್ತು ನಿಮಿಷದ ಕೆಲಸ. ತಿಂಗಳು ಬಿಟ್ಟು ಬಂದರೆ ಅರ್ಧ ದಿನ. ಅದೂ ಅಲ್ಲದೆ ಒಂದೇ ಸಲಕ್ಕೆ ರಾಶಿ ಎಲೆ ಕಿತ್ತರೆ ನೆರಳಲ್ಲಿದ್ದ ಗೊಂಚಲಿಗೆ ಬಿಸಿಲು ಬಡಿದು ಕಾಳು ಸುಡುತ್ತದೆ.

ಹೂ ಬಿಟ್ಟಾಗ ಗಾಜಿನ ಮನೆಯೊಳಗೆ ಗಾಳಿ ಕಡಿಮೆ. ದ್ರಾಕ್ಷಿ ಹೆಚ್ಚಾಗಿ ತನ್ನ ಹೂವಿಗೆ ತಾನೇ ಸಾಕು, ಆದರೂ ಪರಾಗ ಉದುರಲು ಒಂದು ಅಲುಗಾಟ ಬೇಕು. ಬಿಸಿಲೇರಿದ ಮೇಲೆ, ಗಾಳಿ ಒಣಗಿದ್ದಾಗ, ಕಾಂಡವನ್ನು ಅಂಗೈಯಿಂದ ಎರಡು ಸಲ ತಟ್ಟಿ. ಮಸ್ಕಟ್ ತಳಿಗಳು ಸ್ವಲ್ಪ ಹಟಮಾರಿ. ಅವುಗಳ ಹೂಗೊಂಚಲನ್ನು ಮುಷ್ಟಿಯೊಳಗೆ ಸಡಿಲ ಹಿಡಿದು ಮೇಲಿಂದ ಕೆಳಗೆ ನಯವಾಗಿ ಸವರಬೇಕು. ಆ ದಿನಗಳಲ್ಲಿ ನೆಲಕ್ಕೆ ನೀರು ಚಿಮುಕಿಸಿ ತೇವ ಮಾಡಬೇಡಿ.

ಗೊಂಚಲು ಕಡಿಮೆ ಮಾಡುವುದು, ಕಾಳು ಬಿಡಿಸುವುದು

ಚಾಟ್ನಿಯ ನಿಜವಾದ ಪರೀಕ್ಷೆ ಇಲ್ಲಿ. ಒಂದು ಕಡ್ಡಿಗೆ ಒಂದೇ ಗೊಂಚಲು. ಕಾಂಡದ ಪ್ರತಿ 30 ಸೆಂ.ಮೀ. ಉದ್ದಕ್ಕೆ ಒಂದು ಅಂತ ಲೆಕ್ಕ ಹಿಡಿದರೆ ಇನ್ನೂ ಒಳ್ಳೆಯದು. ಉಳಿದದ್ದು ಹೋಗಲಿ. ಹೊರೆ ಜಾಸ್ತಿಯಾದರೆ ಬಳ್ಳಿ ಯಾವುದಕ್ಕೂ ಸರಿಯಾಗಿ ಸಕ್ಕರೆ ತುಂಬಿಸಲಾರದು. ಹಣ್ಣಾಗುವ ಹೊತ್ತಿಗೆ ಕಾಳಿನ ತೊಟ್ಟು ಬಾಡಿ, ಕಾಳು ನೀರು ನೀರಾಗಿ ಹುಳಿಯಾಗಿಯೇ ಉಳಿಯುವುದುಂಟು. ರೋಗ ಅಂದುಕೊಂಡು ಔಷಧಿ ಹುಡುಕುತ್ತಾರೆ. ಕಾರಣ ಹೆಚ್ಚಾಗಿ ಹೊರೆ, ಇಲ್ಲವೇ ಬೇರಿನ ಬಳಿ ನೀರು ನಿಂತದ್ದು ಅಥವಾ ಪೂರ್ತಿ ಒಣಗಿದ್ದು.

ಉಳಿಸಿದ ಗೊಂಚಲಿನಲ್ಲಿ ಕಾಳುಗಳು ಸಣ್ಣ ಬಟಾಣಿಯಷ್ಟಾದಾಗ ಮೂರನೇ ಒಂದರಿಂದ ಅರ್ಧದಷ್ಟು ಕಾಳನ್ನು ತೆಗೆಯಬೇಕು. ಉದ್ದ ಮೂತಿಯ ಸಣ್ಣ ಕತ್ತರಿ ಒಂದು ಕೈಯಲ್ಲಿ. ಇನ್ನೊಂದು ಕೈಯಲ್ಲಿ ತುದಿ ಕವಲೊಡೆದ ತೆಳು ಕಡ್ಡಿ. ಗೊಂಚಲನ್ನು ಬೆರಳಿಂದ ಮುಟ್ಟಬೇಡಿ, ಕಡ್ಡಿಯ ಕವಲಿನಿಂದ ಎತ್ತಿ ಹಿಡಿಯಿರಿ. ಮುಟ್ಟಿದರೆ ಕಾಳಿನ ಮೇಲಿನ ತೆಳು ಬಿಳಿ ಮೇಣ ಅಳಿಸಿಹೋಗುತ್ತದೆ. ಆ ಗುರುತು ಕೊನೆಯ ತನಕ ಹೋಗುವುದಿಲ್ಲ.

ಮೊದಲು ಬೀಜ ಕಟ್ಟದೆ ಸಾಸಿವೆ ಗಾತ್ರದಲ್ಲೇ ನಿಂತವು ಹೋಗಲಿ. ಆಮೇಲೆ ಗೊಂಚಲಿನ ಒಳಗೆ ಹುದುಗಿದವು. ಕೊನೆಗೆ ಹೊರಗಿನವುಗಳಲ್ಲಿ ಒಂದಕ್ಕೊಂದು ಒತ್ತಿಕೊಂಡವು. ಗೊಂಚಲಿನ ಭುಜದ ಭಾಗದಲ್ಲಿ ಕೈ ಬಿಗಿ ಹಿಡಿಯಿರಿ, ಅಲ್ಲಿಯವು ಚೆನ್ನಾಗಿ ದಪ್ಪವಾಗುತ್ತವೆ. ಎರಡು ಕಾಳಿನ ನಡುವೆ ಪೆನ್ಸಿಲ್ ತೂರುವಷ್ಟು ಜಾಗ ಇದ್ದರೆ ಸಾಕು. ಮುಗಿದಾಗ ಗೊಂಚಲು ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತದೆ, ನೆಲದ ಮೇಲೆ ಹಸಿರು ಮಣಿಗಳ ರಾಶಿ. ಹಾಳು ಮಾಡಿಬಿಟ್ಟೆ ಅನಿಸಬಹುದು. ಎರಡು ತಿಂಗಳು ಬಿಟ್ಟು ನೋಡಿದರೆ ಆ ಜಾಗ ಎಲ್ಲಿತ್ತು ಅಂತಲೇ ಗೊತ್ತಾಗುವುದಿಲ್ಲ. ಬಿಡಿಸದ ಗೊಂಚಲಿನಲ್ಲಿ ಕಾಳುಗಳು ಒಂದನ್ನೊಂದು ನೂಕಿ ಒಡೆಯುತ್ತವೆ. ಒಂದು ಒಡೆದರೆ ಕೊಳೆ ಒಳಗಿನಿಂದ ಹಬ್ಬುತ್ತದೆ, ಹೊರಗೆ ಕಾಣುವ ಹೊತ್ತಿಗೆ ಗೊಂಚಲು ಕೈಬಿಟ್ಟಿರುತ್ತದೆ. ಒಣಗಿದ ಬುಡಕ್ಕೆ ಒಮ್ಮೆಲೇ ಜಾಸ್ತಿ ನೀರು ಬಿಟ್ಟರೂ ಕಾಳು ಒಡೆಯುತ್ತದೆ, ಹಾಗಾಗಿ ನೀರು ಒಂದೇ ಹದದಲ್ಲಿರಲಿ.

ಇಷ್ಟೆಲ್ಲ ತಾಳ್ಮೆ ಇಲ್ಲ ಅನ್ನುವವರು ಗೊಂಚಲುಗಳನ್ನಾದರೂ ಕಡಿಮೆ ಮಾಡಿ. ರಸ ತೆಗೆಯಲಿಕ್ಕೆ ಬೆಳೆಸುವುದಾದರೆ ಕಾಳು ಬಿಡಿಸುವ ಅಗತ್ಯವೇ ಇಲ್ಲ.

ಹಣ್ಣಿನ ಬಣ್ಣ ತಿರುಗಿದ ಮೇಲೆ ಗೊಂಚಲನ್ನು ಮುಚ್ಚಿದ ಒಂದೆರಡು ಎಲೆ ತೆಗೆದರೆ ಗಾಳಿ ಆಡುತ್ತದೆ. ಬೋಳಿಸಬೇಡಿ. ಸಿಹಿ ಬರುವುದು ಎಲೆಯಿಂದ. ಕಿಟಕಿ ತೆರೆದಿಡಿ, ನಿಂತ ಗಾಳಿ ಅಂದರೆ ಬೂದಿ ರೋಗಕ್ಕೆ ಹಬ್ಬ.

ಹಳೆಯದಾಗಿ ಕಾಡಾದ ಬಳ್ಳಿ ಸಿಕ್ಕಿದ್ದರೆ

ಒಂದೇ ಚಳಿಗಾಲದಲ್ಲಿ ಸರಿ ಮಾಡಲು ಹೋಗಬೇಡಿ. ಬುಡದ ಹತ್ತಿರದಿಂದ ಹೊರಟ ಒಂದು ಗಟ್ಟಿ ಕಡ್ಡಿಯನ್ನು ಆರಿಸಿ, ಅದನ್ನು ಹೊಸ ತಾಯಿ ಕಾಂಡದಂತೆ ಬೆಳೆಸಿ. ಹಳೆಯ ಕಾಂಡ ಎರಡು ಮೂರು ವರ್ಷ ಹಣ್ಣು ಕೊಡುತ್ತಿರಲಿ. ಹೊಸದು ಹಣ್ಣಿಗೆ ಬಂದ ಚಳಿಗಾಲ ಹಳೆಯದನ್ನು ಗರಗಸದಿಂದ ತೆಗೆಯಿರಿ. ಎರಡನ್ನೂ ಇಟ್ಟುಕೊಳ್ಳುವುದಾದರೆ ನಡುವೆ ಒಂದು ಮೀಟರಾದರೂ ಅಂತರ ಇರಲಿ.

ಕತ್ತರಿಸಿ ತೆಗೆದ ಬಲಿತ ಕಡ್ಡಿಗಳಲ್ಲಿ ನಾಲ್ಕೈದನ್ನು ಇಟ್ಟುಕೊಳ್ಳಿ. ಒಂದು ಕಣ್ಣು ನಡುವೆ ಬರುವಂತೆ ಎರಡೂ ಬದಿಗೆ ಎರಡೆರಡು ಸೆಂ.ಮೀ. ಬಿಟ್ಟು ತುಂಡು ಮಾಡಿ. ಕಣ್ಣು ಮೇಲ್ಮುಖವಾಗಿ, ಕುಂಡದ ಮಣ್ಣಿನಲ್ಲಿ ಅರ್ಧ ಹುದುಗಿಸಿ ಬೆಚ್ಚಗಿನ ಜಾಗದಲ್ಲಿಟ್ಟರೆ ಬೇರು ಬಿಡುತ್ತದೆ.

ಗೊಂಚಲು ಕೊಯ್ಯುವಾಗ ತೊಟ್ಟನ್ನಷ್ಟೇ ಕತ್ತರಿಸಬೇಡಿ. ತೊಟ್ಟು ಹೊರಟ ಕಡ್ಡಿಯನ್ನೇ ಎರಡೂ ಬದಿಗೆ ನಾಲ್ಕೈದು ಸೆಂ.ಮೀ. ಸೇರಿಸಿ ಕತ್ತರಿಸಿ. ಆಗ ಅದು ಹಿಡಿಕೆಯಾಗುತ್ತದೆ, ಕಾಳು ಮುಟ್ಟದೆ ಒಯ್ಯಬಹುದು. ಒಂದು ಬದಿಯ ಕಡ್ಡಿಯನ್ನು ಇನ್ನಷ್ಟು ಉದ್ದ ಬಿಟ್ಟು ನೀರಿನ ಬಾಟಲಿಯಲ್ಲಿ ಇಳಿಸಿ, ಗೊಂಚಲು ಹೊರಗೆ ನೇತಾಡುವಂತೆ ತಂಪಾದ ಕತ್ತಲ ಕೋಣೆಯಲ್ಲಿಟ್ಟರೆ ವಾರಗಟ್ಟಲೆ ಬಾಡುವುದಿಲ್ಲ. ಬಳ್ಳಿಯಲ್ಲಿ ಉಳಿದ ಮೊಂಡು ಕಡ್ಡಿಯನ್ನು ಈಗ ಮುಟ್ಟಬೇಡಿ. ಎಲೆ ಉದುರುವ ತನಕ ಅದಕ್ಕೆ ಕೆಲಸವಿದೆ.